16 ತಂಡಗಳ ನಾಕೌಟ್‌ನಲ್ಲಿ ಎಂಟಕ್ಕೆ ಸೀಡ್ ಕೊಡಬೇಕೇ?

ಅಂಕೋಲಾ ಕಡೆಯ ನಿಮ್ಮ ಹೊನಲು ಬೆಳಕಿನ ವಾಲಿಬಾಲ್‌ನಲ್ಲಿ ಇದುವರೆಗೆ ಎರಡೇ ತಂಡಕ್ಕೆ ಸೀಡ್ (ಬಲಿಷ್ಠ ತಂಡಗಳು ಬೇಗನೆ ಎದುರಾಗದಂತೆ ಅವನ್ನು ಮೊದಲೇ ಬೇರೆ ಬೇರೆ ಕಡೆ ಹಾಕುವುದು) ಇತ್ತು, ಈ ಸಲ ಎಂಟಕ್ಕೆ ಕೊಟ್ಟರೆ ಏನಾಗುತ್ತದೆ ಎಂದು ಕೇಳಿದ್ದೀರಿ. ಕುಮಟಾ ಸುತ್ತಮುತ್ತ ಡ್ರಾ (ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ) ಹಾಕಲು ಕೂತವನಾಗಿ ಹೇಳುತ್ತೇನೆ: ನಾಲ್ಕಕ್ಕೆ ನಿಲ್ಲಿಸಿ.

ಸೀಡೇ ಇಲ್ಲದೆ ಬರೀ ಚೀಟಿ ಎತ್ತಿದರೆ ಅತಿ ಬಲಿಷ್ಠ ಎರಡು ತಂಡ ಡ್ರಾದ ಒಂದೇ ಅರ್ಧಕ್ಕೆ (ಎಂಟು ತಂಡಗಳ ಗುಂಪಿಗೆ) ಬೀಳುವ ಸಂಭವ 15ರಲ್ಲಿ 7. ಎರಡು ಸೀಡ್ ಕೊಟ್ಟರೆ ಆ ಕಾಟ ತಪ್ಪುತ್ತದೆ. ಆದರೂ ಬಲದಲ್ಲಿ ಮೂರನೆಯದಾದ ತಂಡ ಆ ಎರಡರಲ್ಲೊಂದರ ಕ್ವಾರ್ಟರಿಗೇ (ನಾಲ್ಕು ತಂಡಗಳ ಗುಂಪಿಗೇ) ಬೀಳುವ ಸಂಭವ 7ರಲ್ಲಿ 3. ನಾಲ್ಕು ಸೀಡ್ ಕೊಟ್ಟರೆ ಅದೂ ಇಲ್ಲ.

ಎಂಟಕ್ಕೆ ಏರಿಸಿದರೆ ಕಪ್ ಎತ್ತುವವರು ಯಾರೆಂಬುದು ಅಷ್ಟಾಗಿ ಬದಲಾಗುವುದಿಲ್ಲ, ಪೆಟ್ಟು ಬೀಳುವುದು ಕೆಳಗಿನವರಿಗೆ. ನಾಲ್ಕು ಸೀಡ್ ಇದ್ದಾಗ ಉಳಿದ 12ರಲ್ಲಿ ಎಂಟು ತಂಡ ಮೊದಲ ಸುತ್ತಿನಲ್ಲಿ ತಮ್ಮತಮ್ಮಲ್ಲೇ ಆಡುತ್ತವೆ, ಅವುಗಳಲ್ಲಿ ನಾಲ್ಕು ಗೆದ್ದೇ ಗೆಲ್ಲುತ್ತವೆ. ಎಂಟು ಸೀಡ್ ಆದರೆ ಸೀಡಿಲ್ಲದ ಪ್ರತಿ ತಂಡಕ್ಕೂ ಮೊದಲ ಪಂದ್ಯವೇ ಸೀಡ್ ತಂಡದೆದುರು. ಪ್ರವೇಶ ಶುಲ್ಕ ಕಟ್ಟಿ, ಟೆಂಪೊ ಮಾಡಿಕೊಂಡು ಬಂದ ಹುಡುಗರು ಬೇಗ ಸೋತು ಮನೆಗೆ ಹೋದರೆ ಮುಂದಿನ ವರ್ಷ ಬರುತ್ತಾರಾ ಮಾರಾಯ್ರೆ? ಪ್ರೇಕ್ಷಕರಿಗೂ ಆರಂಭದಲ್ಲಿ ಏಕಪಕ್ಷೀಯ ಆಟಗಳೇ ಸಿಗುತ್ತವೆ.

ಟೆನಿಸ್ ನೋಡಿ ಎನ್ನುವವರು ನಿಮ್ಮ ಸಮಿತಿಯಲ್ಲೂ ಇರುತ್ತಾರೆ. 128 ಆಟಗಾರರ ವಿಂಬಲ್ಡನ್‌ನಲ್ಲಿ 2001ರಿಂದ ಸೀಡ್‌ಗಳು 16ರಿಂದ 32ಕ್ಕೆ ಏರಿದವು. ಸೀಡ್ ಇರುವವರಿಗೆ ಮೂರನೇ ಸುತ್ತಿಗೆ ಮೊದಲು ಇನ್ನೊಬ್ಬ ಸೀಡ್ ಆಟಗಾರ ಎದುರಾಗುವುದಿಲ್ಲ. (ತಮಾಷೆಯೆಂದರೆ ಆ ವರ್ಷ ಪುರುಷರ ಕಪ್ ಗೆದ್ದದ್ದು ವೈಲ್ಡ್ ಕಾರ್ಡ್‌ನಲ್ಲಿ, ಅಂದರೆ ಸಂಘಟಕರ ವಿಶೇಷ ಆಹ್ವಾನದಲ್ಲಿ ಬಂದ, 125ನೇ ರ‍್ಯಾಂಕಿನ ಗೊರಾನ್ ಇವಾನಿಸೆವಿಚ್.) ಆದರೆ ಅಲ್ಲಿ ಸೀಡ್ ಕೊಡಲು ವರ್ಷವಿಡೀ ಆಡಿ ಗಳಿಸಿದ ಅಂಕಗಳಿವೆ. ನಮ್ಮಲ್ಲಿ ಹೊರಗಿನಿಂದ ಕರೆಸಿದ ಸ್ಮ್ಯಾಷರ್ ಜೀಪಿನಿಂದ ಇಳಿಯುವ ತನಕ ಯಾವ ತಂಡದ ಬಲ ಎಷ್ಟೆಂದು ಯಾರಿಗೂ ಗೊತ್ತಿರುವುದಿಲ್ಲ. ಮೊದಲ ಮೂರು ನಾಲ್ಕು ತಂಡಗಳನ್ನು ಹೇಗೋ ಗುರುತಿಸಬಹುದು. ಎಂಟನೆಯದು ಯಾವುದು, ಒಂಬತ್ತನೆಯದು ಯಾವುದು ಎಂದು ನಿರ್ಧರಿಸಲು ಹೋದರೆ ಜಗಳವೇ.

ಹಾಗಾಗಿ ಒಂದನ್ನೂ ಎರಡನ್ನೂ ಬೇರೆ ಬೇರೆ ಅರ್ಧಕ್ಕೆ ಹಾಕಿ. ಮೂರು, ನಾಲ್ಕನ್ನು ಉಳಿದೆರಡು ಕ್ವಾರ್ಟರಿಗೆ ಚೀಟಿ ಹಾಕಿ ಹಂಚಿ. ಮಿಕ್ಕ 12 ಚೀಟಿಗಳನ್ನು ಎಲ್ಲ ಕ್ಯಾಪ್ಟನ್‌ಗಳ ಎದುರೇ ಎತ್ತಿಸಿ.