ಓದುಗರ ಪ್ರಶ್ನೆ: ಚಿತ್ರ ಬಿಡಿಸುವವರು ಹಾಡುವುದೇಕೆ, ಸಿನಿಮಾ ಮಾಡುವುದೇಕೆ?

ಪ್ರಶ್ನೆ: ನಾನು ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದೇನೆ. ಉಕ್ರೇನ್‌ನ ಅನತೋಲಿ ಬೆಲೋವ್ ಎಂಬ ಕಲಾವಿದರ ಹೆಸರು ಗೆಳತಿಯೊಬ್ಬಳಿಂದ ಗೊತ್ತಾಯಿತು. ಒಂದು ಕಡೆ ಚಿತ್ರಕಾರ ಅಂತಾರೆ, ಇನ್ನೊಂದು ಕಡೆ ಗಾಯಕ, ಮತ್ತೊಂದು ಕಡೆ ನಿರ್ದೇಶಕ. ಎಲ್ಲ ಕಡೆ ‘ಕ್ವಿಯರ್ ಕಲಾವಿದ’ ಎಂದು ಸೇರಿಸಿರುತ್ತಾರೆ. ಮೂವರೂ ಒಬ್ಬರೇನಾ? ಮೂರಕ್ಕೂ ಕೈ ಹಾಕಿದರೆ ಒಂದೂ ಗಟ್ಟಿಯಾಗುವುದಿಲ್ಲ ಎಂದು ನಮ್ಮ ಮೇಷ್ಟ್ರು ಹೇಳುತ್ತಾರೆ, ನಿಜವಾ?

ಉತ್ತರ: ಒಬ್ಬರೇ. 1977ರಲ್ಲಿ ಕೀವ್‌ನಲ್ಲಿ ಹುಟ್ಟಿದವರು. ತಾವು ಗೇ ಎನ್ನುವುದನ್ನು ಮುಚ್ಚಿಡದೆ ಕೆಲಸ ಮಾಡುತ್ತಾ ಬಂದವರು. ಕ್ವಿಯರ್ ಎನ್ನುವುದಕ್ಕೆ ನಮ್ಮಲ್ಲಿ ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಮಾತು ಚಳವಳಿಯಲ್ಲಿ ಬಳಕೆಯಲ್ಲಿದೆ. ಆದರೆ ಅದು ಅರ್ಜಿ ಬರೆಯುವಾಗಿನ ಪದದ ಹಾಗೆ ಕೇಳಿಸುತ್ತದೆ, ಅಲ್ವಾ? ಹಾಗಾಗಿ ಕ್ವಿಯರ್ ಎಂದೇ ಬರೆಯುತ್ತೇನೆ.

ಅವರ ಕೆಲಸಕ್ಕೆ ಬುಡ ಗೆರೆ. ಕಪ್ಪು ಶಾಯಿ, ಬಿಳಿ ಕಾಗದ. 2009ರಲ್ಲಿ ‘ಇವತ್ತು ಹೋಮೋಫೋಬಿಯಾ (ಸಲಿಂಗಿಗಳ ಮೇಲಿನ ದ್ವೇಷ), ನಾಳೆ ನರಮೇಧ’ ಎಂಬ ಸಾಲಿಟ್ಟು ಪೋಸ್ಟರ್ ಸರಣಿ ಮಾಡಿ ಬೀದಿಗೆ ತಂದರು. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಗ್ಯಾಲರಿಗೆ ಬರುವವರು ಮೊದಲೇ ಮನಸ್ಸು ಮಾಡಿಕೊಂಡು ಬಂದಿರುತ್ತಾರೆ, ಬೀದಿಯಲ್ಲಿ ಹಾಗಲ್ಲ, ಬ್ರೆಡ್ಡು ತರಲು ಹೊರಟವರೂ ಎದುರು ನಿಂತು ನೋಡಬೇಕಾಗುತ್ತದೆ.

2012ರ ಫೆಬ್ರವರಿಯಲ್ಲಿ ಕೀವ್‌ನ ಮೊಹಿಲಾ ಅಕಾಡೆಮಿ ವಿಶ್ವವಿದ್ಯಾಲಯದಲ್ಲಿ ‘ಉಕ್ರೇನಿನ ದೇಹ’ ಎಂಬ ಪ್ರದರ್ಶನ ನಡೆಯಿತು. ಬೆಲೋವ್ ಅದರಲ್ಲಿದ್ದರು. ಶುರುವಾಗಿ ಕೆಲವೇ ದಿನಕ್ಕೆ ವಿಶ್ವವಿದ್ಯಾಲಯದ ಮುಖ್ಯಸ್ಥ ಸೆರ್ಹಿ ಕ್ವಿತ್, ಇದು ಪ್ರದರ್ಶನವೇ ಅಲ್ಲ, ಹೊಲಸು ಎಂಬರ್ಥದ ಮಾತಾಡಿ ಬೀಗ ಹಾಕಿಸಿದರು. ಪ್ರದರ್ಶನ ಏರ್ಪಡಿಸಿದ್ದ ದೃಶ್ಯ ಸಂಸ್ಕೃತಿ ಸಂಶೋಧನಾ ಕೇಂದ್ರವನ್ನೂ ಅಲ್ಲಿಂದ ಎಬ್ಬಿಸಿದರು. ಆ ಕೇಂದ್ರದವರು ಹೋಗಿ ನೆಲೆ ಕಂಡಿದ್ದು ಒಂದು ಹಳೆಯ ಚಿತ್ರಮಂದಿರದಲ್ಲಿ, ಅದರ ಹೆಸರು ಜೋವ್ತೆನ್. 2014ರ ಅಕ್ಟೋಬರ್ 29ರಂದು ಮೊಲೊದಿಸ್ತ್ ಚಿತ್ರೋತ್ಸವದಲ್ಲಿ ಕ್ವಿಯರ್ ವಿಷಯದ ಸಿನಿಮಾ ತೋರಿಸುತ್ತಿದ್ದಾಗ ಆ ಚಿತ್ರಮಂದಿರಕ್ಕೂ ಬೆಂಕಿ ಬಿತ್ತು. ಸಿನಿಮಾ ನಿಲ್ಲಿಸಬೇಕೆಂದು ಬಂದವರ ಕೆಲಸ ಅದು. ಪುಣ್ಯಕ್ಕೆ ಯಾರೂ ಸಾಯಲಿಲ್ಲ, ಮರುವರ್ಷ ಚಿತ್ರಮಂದಿರ ಮತ್ತೆ ತೆರೆಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಗೋಡೆಯ ಮೇಲಿನ ಚಿತ್ರವನ್ನು ಯಾರಾದರೂ ಕೀಳಬಹುದು, ಪ್ರದರ್ಶನಕ್ಕೆ ಬೀಗ ಹಾಕಬಹುದು, ಥಿಯೇಟರ್ ಸುಡಬಹುದು. ಇಂಥ ಊರಲ್ಲಿ ಒಬ್ಬ ಕಲಾವಿದ ಒಂದೇ ಬಾಗಿಲು ಹಿಡಿದು ಕೂರಬೇಕು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಬೆಲೋವ್ ‘ಲ್ಯುದ್ಸ್ಕಾ ಪೊದೋಬಾ’ ಎಂಬ ಸಂಗೀತ ತಂಡ ಕಟ್ಟಿಕೊಂಡು ಹಾಡಿದರು. ಆ ಹೆಸರಿನ ಅರ್ಥ ಮನುಷ್ಯ ರೂಪ. ಯಾರಾದರೂ ತೀರಾ ಕೆಟ್ಟುಹೋದರೆ ಉಕ್ರೇನಿಯನ್ ಭಾಷೆಯಲ್ಲಿ ‘ಅವನು ಮನುಷ್ಯ ರೂಪ ಕಳಕೊಂಡ’ ಎಂದು ಬಯ್ಯುತ್ತಾರೆ. ನೀನು ಮನುಷ್ಯನೇ ಅಲ್ಲ ಎಂದು ದಿನಾ ಕೇಳಿಸಿಕೊಂಡವರು ಅದೇ ಪದವನ್ನು ತಂಡದ ಹೆಸರಾಗಿ ಇಟ್ಟುಕೊಂಡು ವೇದಿಕೆ ಹತ್ತುವುದು ಅಂದರೆ! ಇದನ್ನು ಮೊದಲ ಸಲ ತಿಳಿದಾಗ ನನ್ನ ಗಂಟಲು ಕಟ್ಟಿತ್ತು.

ಸಿನಿಮಾ 2013ರದು, ಒಕ್ಸಾನಾ ಕಜ್ಮಿನಾ ಜೊತೆ ಮಾಡಿದ ಹಾಡುಗಳ ಚಿತ್ರ. ಹೆಸರು ‘ಸೆಕ್ಸ್, ಚಿಕಿತ್ಸೆ, ರಾಕ್ ಎನ್ ರೋಲ್’ ಎಂಬಂತಿದೆ. ‘ಸೆಕ್ಸ್, ಡ್ರಗ್ಸ್, ರಾಕ್ ಎನ್ ರೋಲ್’ ಎಂಬ ಹಳೆಯ ಮಾತಿನಲ್ಲಿ ‘ಡ್ರಗ್ಸ್’ ಇರುವ ಜಾಗದಲ್ಲಿ ವಾಸಿ ಮಾಡುವ ಪದವನ್ನು ತಂದು ಕೂರಿಸಿದ್ದಾರೆ. ನಿಮ್ಮ ಮೇಷ್ಟ್ರು ಹೇಳಿದ್ದು ಸುಳ್ಳಲ್ಲ, ಗೆರೆ ಗಟ್ಟಿಯಾಗಬೇಕು, ದಿನಾ ಬಿಡಿಸಿ. ಆದರೆ ಬೆಲೋವ್ ಅವರದು ಮೂರು ಕಸುಬು ಅಂತ ನನಗೆ ಅನ್ನಿಸುವುದೇ ಇಲ್ಲ. ಕಾಗದದ ಮೇಲೆ ಗೆರೆಯಾಗಿದ್ದ ದೇಹ ಹಾಡಿನಲ್ಲಿ ದನಿಯಾಗುತ್ತದೆ, ಸಿನಿಮಾದಲ್ಲಿ ನಾಲ್ಕು ಜನರ ಜೊತೆ ಓಡಾಡುತ್ತದೆ, ಅಷ್ಟೇ.

ಪ್ರಶ್ನೆ: ಸಲಿಂಗ ಸಂಬಂಧದ ‘ಪ್ರಚಾರ’ ಮಾಡಬಾರದು ಎನ್ನುವ, ರಷ್ಯಾದಲ್ಲಿರುವಂಥ ಕಾನೂನು ಉಕ್ರೇನ್‌ನಲ್ಲೂ ಇದೆಯಾ? (ಶಿವಮೊಗ್ಗದ ಓದುಗರು)

ಉತ್ತರ: ಇಲ್ಲ, ಆದರೆ ಹತ್ತಿರ ಬಂದು ಹೋಯಿತು. 2012ರ ಅಕ್ಟೋಬರ್‌ನಲ್ಲಿ ಅಂಥದೊಂದು ಮಸೂದೆಗೆ ಅಲ್ಲಿನ ಸಂಸತ್ತಿನ ಮೊದಲ ಓದಿನಲ್ಲಿ 289 ಮತ ಬಿದ್ದಿತ್ತು! ಕಾನೂನಾಗಲಿಲ್ಲ. ರಷ್ಯಾ 2013ರಲ್ಲಿ ಮಾಡಿಯೇಬಿಟ್ಟಿತು. ಸಲಿಂಗ ಸಂಬಂಧ ಅಪರಾಧ ಎನ್ನುವ ಸೋವಿಯತ್ ಕಾಲದ ಕಾನೂನನ್ನು ಉಕ್ರೇನ್ 1991ರಲ್ಲೇ ತೆಗೆಯಿತು. ನಮ್ಮಲ್ಲಿ ದಂಡ ಸಂಹಿತೆಯ 377ನೇ ಸೆಕ್ಷನ್ನಿನ ಆ ಭಾಗ ಬೀಳಲು 2018 ಆಗಬೇಕಾಯಿತು.

ಪ್ರಶ್ನೆ: ಉಕ್ರೇನ್‌ನಲ್ಲಿ ಯುದ್ಧ ನಡೆದು ಮನೆಮಠ ಉರಿಯುತ್ತಿರುವಾಗ ಕ್ವಿಯರ್ ಹಕ್ಕು ಇದೆಲ್ಲ ಈಗಲೇ ಬೇಕಾ? ಬೇಸರ ಮಾಡಿಕೊಳ್ಳಬೇಡಿ, ನಿಜವಾಗಿ ಅರ್ಥ ಮಾಡಿಕೊಳ್ಳಬೇಕೆಂದು ಕೇಳುತ್ತಿದ್ದೇನೆ. (ಧಾರವಾಡದ ಗೃಹಿಣಿ)

ಉತ್ತರ: ಅಮ್ಮಾ, ಬೇಸರ ಯಾಕೆ, ನೀವು ಕೇಳಿದ್ದೇ ಒಳ್ಳೆಯದಾಯಿತು. ಈ ಯುದ್ಧದಲ್ಲಿ ಕ್ವಿಯರ್ ಸೈನಿಕರೂ ಇದ್ದಾರೆ. ಅದರ ಗುರುತಾಗಿ ಒಂಟಿಕೊಂಬಿನ ಕುದುರೆಯ ಚಿತ್ರವಿರುವ ಬ್ಯಾಡ್ಜನ್ನು ಸಮವಸ್ತ್ರಕ್ಕೆ ಹಾಕಿಕೊಂಡು ಹೋಗುವವರಿದ್ದಾರೆ. ಅಲ್ಲಿನ ಸಂವಿಧಾನದ 51ನೇ ವಿಧಿ ಮದುವೆ ಎಂದರೆ ಗಂಡು ಹೆಣ್ಣಿನ ನಡುವಿನದು ಎನ್ನುತ್ತದೆ. 2022ರಲ್ಲಿ ಸಲಿಂಗ ಮದುವೆಗೂ ಮಾನ್ಯತೆ ಕೊಡಿ ಎಂದು ಸಾವಿರಾರು ಜನ ಸಹಿ ಹಾಕಿ ಅರ್ಜಿ ಕೊಟ್ಟರು. ಯುದ್ಧಕಾಲದಲ್ಲಿ ಸಂವಿಧಾನ ತಿದ್ದಲು ಬರುವುದಿಲ್ಲ, ಆದರೆ ನೋಂದಾಯಿತ ಜೊತೆಗಾರಿಕೆಯ, ಅಂದರೆ ಮದುವೆ ಎನ್ನದೆಯೇ ಜೋಡಿಗೆ ಕಾನೂನಿನ ಮಾನ್ಯತೆ ಕೊಡುವ, ದಾರಿ ಹುಡುಕುತ್ತೇವೆ ಎಂದು ಅಧ್ಯಕ್ಷ ಝೆಲೆನ್‌ಸ್ಕಿ ಉತ್ತರಿಸಿದರು. 2023ರ ಮಾರ್ಚ್‌ನಲ್ಲಿ ಇನ್ನಾ ಸೊವ್ಸುನ್ ಎಂಬ ಸಂಸದೆ ಅದಕ್ಕಾಗಿ ಮಸೂದೆ ಮಂಡಿಸಿದರು. ಅದೇ ಜೂನ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ, ಇಂಥ ಜೋಡಿಗೆ ಯಾವ ಮಾನ್ಯತೆಯನ್ನೂ ಕೊಡದಿರುವುದು ತಪ್ಪು ಎಂದು ಉಕ್ರೇನಿಗೆ ಹೇಳಿತು.

ನೀವೇ ನೆನೆಸಿಕೊಳ್ಳಿ. ಹತ್ತು ವರ್ಷ ಜೊತೆಗಿದ್ದವರಲ್ಲಿ ಒಬ್ಬರಿಗೆ ಗುಂಡು ತಗುಲಿದೆ, ಇನ್ನೊಬ್ಬರು ರಾತ್ರಿ ಬಸ್ಸು ಹಿಡಿದು ಆಸ್ಪತ್ರೆಗೆ ಬಂದಿದ್ದಾರೆ. ‘ನೀವು ಇವರಿಗೆ ಏನಾಗಬೇಕು?’ ಎಂದು ಬಾಗಿಲಲ್ಲಿ ಕೇಳುತ್ತಾರೆ. ಹೇಳಲು ಕಾನೂನಿನಲ್ಲಿ ಒಂದು ಪದವಿಲ್ಲ. ಅದು ಬೇಕಾಗಿರುವುದು ಈಗಲೇ, ಅಮ್ಮಾ.