ಹೊಕ್ಕಳ ಬಳ್ಳಿ ರಕ್ತ ಬ್ಯಾಂಕಿನಾಗ ಇಡ್ಬೇಕಾ? ಓದುಗರು ಕೇಳ್ಯಾರ, ಡಾಕ್ಟರ್ ಹೇಳ್ತಾರ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ್ರಿ. ನಮ್ದು ಗಂಗಾವತಿ ಹತ್ರ ಹಳ್ಳಿ. ದೊಡ್ಡ ಮಗನಿಗೆ 5 ವರ್ಷ, ರಕ್ತದ ಕ್ಯಾನ್ಸರ್ ಆಗೇತಿ, ಚೀಟ್ಯಾಗ ಎ.ಎಲ್.ಎಲ್. ಅಂತ ಬರ್ದಾರ, ಬೆಂಗ್ಳೂರಾಗ ಕೀಮೋ ನಡದೈತಿ. ನಾನೀಗ 7 ತಿಂಗ್ಳ ಬಸುರಿ. ಒಬ್ಬ ಏಜೆಂಟ್ ಮನಿಗೆ ಬಂದು, ಹುಟ್ಟೋ ಕೂಸಿನ ಹೊಕ್ಕಳ ಬಳ್ಳಿ ರಕ್ತ ಬ್ಯಾಂಕಿನಾಗ ಇಟ್ರ ಅಣ್ಣನ ಕ್ಯಾನ್ಸರ್ ಗ್ಯಾರಂಟಿ ವಾಸಿ ಅಂದ. ನಮ್ಮತ್ತಿ ಅಂತಾರ, ದೊಡ್ಡವನ ಒಣಗಿದ ಹೊಕ್ಕಳ ಬಳ್ಳಿ ತಾಯತದಾಗ ಇಟ್ಟೇನಿ, ಅದು ಸಾಲೂದಿಲ್ಲೇನು ಅಂತ. ಏನ್ ಮಾಡ್ಲಿ?

ಉತ್ತರ: ನೋಡವ್ವ ತಂಗಿ, ತಾಯತ ಇರ್ಲಿ, ಹಿರ್ಯಾರ ನಂಬಿಕಿ, ಆದ್ರ ಒಣಗಿದ ಬಳ್ಳ್ಯಾಗ ಜೀವ ಇರೋ ಕಣ ಒಂದೂ ಇರಂಗಿಲ್ಲ, ಔಷಧಕ್ಕ ಬರಂಗಿಲ್ಲ. ಬೇಕಾಗೂದು ಹೆರಿಗಿ ಆದಮ್ಯಾಲ ಬಳ್ಳಿ ಮತ್ತ ಮಾಸಿನೊಳಗ ಉಳಿಯೋ ರಕ್ತ. ಅದ್ರಾಗ ಸ್ಟೆಮ್ ಸೆಲ್ ಇರ್ತಾವ, ಕೆಂಪು ಕಣ ಬಿಳಿ ಕಣ ಪ್ಲೇಟ್ಲೆಟ್ ಎಲ್ಲಾ ಹುಟ್ಟೂದು ಅವುಗಳಿಂದನ. ಟ್ರಾನ್ಸ್‌ಪ್ಲಾಂಟ್ ಅಂದ್ರ ಆಪರೇಷನ್ ಅಲ್ಲ, ಮೊದ್ಲು ಜೋರು ಕೀಮೋ ಕೊಟ್ಟು, ಒಮ್ಮೊಮ್ಮೆ ರೇಡಿಯೇಷನ್ನೂ ಕೊಟ್ಟು, ಪೇಷೆಂಟಿನ ರೋಗದ ಬೋನ್ ಮ್ಯಾರೋ (ಎಲುಬಿನೊಳಗಿನ ಮಜ್ಜೆ, ರಕ್ತ ತಯಾರಾಗೋ ಜಾಗ) ಪೂರ್ತಿ ಖಾಲಿ ಮಾಡ್ತಾರ, ಆಮ್ಯಾಲ ಈ ಕಣಗಳನ್ನ ರಕ್ತ ಏರಿಸಿದಂಗ ನರದಾಗ ಬಿಡ್ತಾರ, ಅವು ತಾವ ಎಲುಬಿನೊಳಗ ಹೋಗಿ ಕೂಡ್ತಾವ. ಮೊದಲ್ನೇ ಸಲ ಹಿಂಗ ಮಾಡಿದ್ದು 1988ರಾಗ, ಪ್ಯಾರಿಸ್ಸಿನಾಗ, ಎಲಿಯಾನ್ ಗ್ಲುಕ್‌ಮನ್ ಅನ್ನೋ ಡಾಕ್ಟರಮ್ಮ ಮತ್ತ ಅವರ ತಂಡ. ಫ್ಯಾಂಕೋನಿ ಅನೀಮಿಯಾ ಅನ್ನೋ, ಹುಟ್ಟಿನಿಂದ ಬರೋ ರಕ್ತದ ರೋಗ ಇದ್ದ ಹುಡುಗಗ ಅವನ ತಂಗಿ ಹುಟ್ಟಿದಾಗಿನ ಬಳ್ಳಿ ರಕ್ತನ ಕೊಟ್ಟಿದ್ದು. ಅಂದ್ರ ನಿಮ್ಮ ಮನ್ಯಾಗ ಈಗ ಇರೋ ಲೆಕ್ಕಾಚಾರನ ಅದು.

ಆದ್ರ ಗ್ಯಾರಂಟಿ ಅನ್ನೋ ಮಾತು ಏಜೆಂಟ್‌ಂದು, ಡಾಕ್ಟರ್‌ದಲ್ಲ. ಸಣ್ಣ ಮಕ್ಕಳ ಎ.ಎಲ್.ಎಲ್. ಬಹಳಷ್ಟು ಮಂದಿಗೆ ಬರೇ ಕೀಮೋದಿಂದನ ವಾಸಿ ಆಗ್ತೈತಿ, ಎರಡು ಮೂರು ವರ್ಷ ಗಟ್ಟಿ ಮನಸಿಟ್ಟು ಒಂದೂ ಡೋಸ್ ತಪ್ಪಿಸದಂಗ ಮಾಡಿಸ್ಬೇಕು ಅಷ್ಟ. ಟ್ರಾನ್ಸ್‌ಪ್ಲಾಂಟ್ ಬೇಕಾಗೂದು ಕೀಮೋಕ್ಕ ರೋಗ ಬಗ್ಗದಿದ್ರ, ಇಲ್ಲಾ ಹೋಗಿ ಮತ್ತ ಬಂದ್ರ, ಇಲ್ಲಾ ಶುರುವಿನಾಗನ ಹೈ ರಿಸ್ಕ್ ಅಂತ ಟೆಸ್ಟಿನಾಗ ಬಂದಿದ್ರ. ನಿನ್ನ ಮಗ ಯಾವ ಸಾಲಿನಾಗ ಅದಾನ ಅನ್ನೂದು ಬೆಂಗ್ಳೂರಿನ ಡಾಕ್ಟ್ರನ್ನ ಕೇಳು, ಬಸುರಿ ಅಂತ ಅವರಿಗೆ ಈಗಲ ಗೊತ್ತಾಗ್ಲಿ.

ಇನ್ನ ಹೊಂದಾಣಿಕಿ. ಕೊಡೋರ ಕಣ ತಗೊಳ್ಳೋರಿಗೆ ಹೊಂದ್ತಾವೋ ಇಲ್ಲೋ ನೋಡಾಕ ಎಚ್.ಎಲ್.ಎ. ಅಂತ ಟೆಸ್ಟ್ ಐತಿ, ರಕ್ತದ ಗುಂಪಲ್ಲ, ಬ್ಯಾರೆ. ಒಡಹುಟ್ಟಿದವ್ರ ನಡುವ ಪೂರ್ತಿ ಹೊಂದೋದು ನಾಕರಾಗ ಒಂದು ಚಾನ್ಸ್. ಕಣದ ಲೆಕ್ಕಾನೂ ಐತಿ (ಬರೇ ಸ್ಟೆಮ್ ಸೆಲ್ ಅಲ್ಲ, ನ್ಯೂಕ್ಲಿಯಸ್ ಇರೋ ಒಟ್ಟು ಕಣ), ಪೇಷೆಂಟಿನ ತೂಕದ ಕೆಜಿಗೆ ಕಮ್ಮಿ ಅಂದ್ರೂ 2.5 ಕೋಟಿ ಬೇಕು ಅಂತಾರ. ನಿನ್ನ ಮಗ 18 ಕೆಜಿ ಇದ್ರ 45 ಕೋಟಿ ಆತು, ಬಳ್ಳಿ ರಕ್ತದ ಒಂದು ಚಲೋ ಚೀಲದಾಗ ಅಷ್ಟು ಸಿಗ್ತೈತಿ. ಹಂಗಾಗಿ ಅಣ್ಣಗ ಟ್ರಾನ್ಸ್‌ಪ್ಲಾಂಟ್ ಬೇಕಾಗ್ಬಹುದು ಅಂತ ಡಾಕ್ಟ್ರು ಅಂದ್ರ, ನಿನ್ನಂಥಾಕಿ ಇಡಿಸೋದ್ರಾಗ ಅರ್ಥ ಐತಿ. ಮುಂಚೆ ಹೇಳಿಟ್ಟು, ತೆಗೆಯೋಕೆ ಬರೋ ಆಸ್ಪತ್ರ್ಯಾಗನ ಹೆರಿಗಿ ಮಾಡ್ಸು, ಚೀಲ ಸಾಮಾನ್ಯವಾಗಿ 48 ತಾಸಿನೊಳಗ ಬ್ಯಾಂಕಿನ ಲ್ಯಾಬ್ ಮುಟ್ಟಬೇಕು. ನೋವಿಲ್ಲ, ಸೂಜಿ ಹಾಕೂದು ಕತ್ತರಿಸಿದ ಬಳ್ಳಿಗೆ, ನಿನಗೂ ಅಲ್ಲ ಕೂಸಿಗೂ ಅಲ್ಲ.

ಒಂದ ಒಂದು ಕಂಡೀಷನ್. ಬಳ್ಳಿನ ಗಡಿಬಿಡಿಲೆ ಕತ್ತರಿಸ್ಬಾರ್ದು, ಕನಿಷ್ಠ ಒಂದು ನಿಮಿಷ ತಡೀಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನ ಹೇಳೇತಿ. ಆ ರಕ್ತ ಕೂಸಿನ ಕಬ್ಬಿಣಾಂಶ. ತಡದ್ರ ಚೀಲಕ್ಕ ಸ್ವಲ್ಪ ಕಮ್ಮಿ ಬರ್ತೈತಿ, ಬರ್ಲಿ. ಬಳ್ಳಿ ರಕ್ತ ಸಾಲದಿದ್ರೂ ಎಲ್ಲಾ ಮುಗೀತು ಅಂತಲ್ಲ, ಹೊಂದಾಣಿಕಿ ಆದ್ರ ಅದೇ ಕೂಸು ಸ್ವಲ್ಪ ಬೆಳದಮ್ಯಾಲ ಅದರ ಬೋನ್ ಮ್ಯಾರೋ ಕೊಡಿಸ್ಬಹುದು.

ಪ್ರಶ್ನೆ: ನಮ್ಮನ್ಯಾಗ ಯಾರಿಗೂ ರೋಗ ಇಲ್ರಿ, ಮುಂದ ಕೂಸಿಗೆ ಕ್ಯಾನ್ಸರ್ ಬಂದ್ರ ಅದರದ ರಕ್ತ ಇರ್ಲಿ ಅಂತ ಇಡಿಸಾಕ ಹೊಂಟೇವಿ. ಇಎಂಐನಾಗ ಕೊಡ್ತಾರಂತ. — ಸಿರುಗುಪ್ಪ

ಉತ್ತರ: ಬ್ಯಾಡ್ರಿ. ಸಣ್ಣ ಮಕ್ಕಳಿಗೆ ಬರೋ ರಕ್ತದ ಕ್ಯಾನ್ಸರಿನ (ಲುಕೇಮಿಯಾ) ಬೀಜ, ಅಂದ್ರ ಜೀನಿನ ಮೊದಲ್ನೇ ಬದಲಾವಣೆ, ಎಷ್ಟೋ ಮಕ್ಕಳಾಗ ಹುಟ್ಟೋಕಿಂತ ಮುಂಚೇನ ಇರ್ತೈತಿ, ಬಳ್ಳಿ ರಕ್ತದಾಗೂ ಸಿಕ್ಕೈತಿ. ಆ ರಕ್ತ ವಾಪಸ್ ಕೊಟ್ರ ರೋಗದ ಬೀಜನ ವಾಪಸ್ ಬಿತ್ತಿದಂಗ. ಇನ್ನೊಂದು, ಬ್ಯಾರೆಯವ್ರ ಕಣಕ್ಕ ಇರೋ ದೊಡ್ಡ ಗುಣ ಏನಂದ್ರ ಅದು ಅಳಿದುಳಿದ ಕ್ಯಾನ್ಸರ್ ಕಣನ ಪರಕೀಯ ಅಂತ ಗುರುತಿಸಿ ಹೊಡಿತೈತಿ, ಸ್ವಂತ ಕಣ ಅದನ್ನ ತನ್ನದು ಅಂತ ಬಿಟ್ಟುಬಿಡ್ತೈತಿ. ದೇಶದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಕೂಡ ಸ್ವಂತ ಬಳಕೆಗೆ ಅಂತ ಪ್ರೈವೇಟ್ ಬ್ಯಾಂಕಿನಾಗ ಇಡೋದನ್ನ ಶಿಫಾರಸು ಮಾಡಿಲ್ಲ, ಮನ್ಯಾಗ ಆ ಚಿಕಿತ್ಸೆ ಬೇಕಾದ ರೋಗ ಇದ್ದವ್ರ ಮಾತು ಬ್ಯಾರೆ. ಬ್ರೋಷರಿನಾಗ ಎಂಬತ್ತು ರೋಗದ ಹೆಸರು ಅಚ್ಚು ಹಾಕಿರ್ತಾರ, ಅದ್ರಾಗ ಹೆಚ್ಚಿನವು ಬ್ಯಾರೆಯವ್ರ ಕಣದಿಂದ ವಾಸಿ ಆಗೋವು, ಇವರು ಮಾರೂದು ನಿಮ್ಮ ಕೂಸಿನ ಕಣ. ಆ ಇಎಂಐ ದುಡ್ಡಿನಾಗ ಕೂಸಿನ ಹೆಸರಿಗೆ ಆರೋಗ್ಯ ವಿಮೆ ಮಾಡ್ಸ್ರಿ.

ಪ್ರಶ್ನೆ: ನಮ್ಮ ಕಾಕಾಗ 52 ವರ್ಷ, ಎ.ಎಂ.ಎಲ್. ಅನ್ನೋ ರಕ್ತದ ಕ್ಯಾನ್ಸರ್ ಅಂತ, 70 ಕೆಜಿ ಅದಾರ. ಅವರಿಗೆ ಬಳ್ಳಿ ರಕ್ತ ಹಾಕ್ತಾರೇನ್ರಿ? — ಮಸ್ಕಿ

ಉತ್ತರ: ಹಾಕ್ಬಹುದು, ಆದ್ರ ಲೆಕ್ಕ ನೋಡ್ರಿ, 70 ಕೆಜಿಗೆ 175 ಕೋಟಿ ಕಣ ಬೇಕು, ಒಂದು ಚೀಲ ಸಾಮಾನ್ಯವಾಗಿ ಸಾಲಂಗಿಲ್ಲ. ಬ್ಯಾರೆ ದೇಶದಾಗ ಎರಡು ಚೀಲ ಕೂಡಿಸಿ ಕೊಡ್ತಾರ, ಲ್ಯಾಬಿನಾಗ ಕಣ ಬೆಳೆಸಿ ಕೊಡೋ ಒಮಿಡುಬಿಸೆಲ್‌ಗೆ ಅಮೆರಿಕಾದಾಗ 2023ರಾಗ ಒಪ್ಪಿಗಿ ಸಿಕ್ಕೈತಿ. ಬಳ್ಳಿ ರಕ್ತದ ಚಲೋ ಗುಣ ಅಂದ್ರ ಹೊಂದಾಣಿಕಿ ಪೂರ್ತಿ ಇಲ್ದಿದ್ರೂ ನಡಿತೈತಿ, ಕೆಟ್ಟ ಗುಣ ಅಂದ್ರ ಬಿಳಿ ಕಣ ಏಳಾಕ ಮೂರು ನಾಕು ವಾರ ಹಿಡಿತೈತಿ, ಅಷ್ಟು ದಿನ ಇನ್ಫೆಕ್ಷನ್ ಭಯ. ಅದಕ್ಕ ಈಗ ನಮ್ಮಲ್ಲಿ ಹೊಂದೋ ಅಣ್ಣತಮ್ಮ ಸಿಗದಿದ್ರ ಹೆಚ್ಚಾಗಿ ಅರ್ಧ ಹೊಂದಾಣಿಕಿ, ಹ್ಯಾಪ್ಲೋ ಅಂತಾರಲ್ಲ, ಅದನ್ನ ಮಾಡ್ತಾರ. ಹೆತ್ತ ಮಕ್ಕಳು ಅಪ್ಪಗ ಅರ್ಧ ಹೊಂದ ಹೊಂದ್ತಾರ. ಮಗ ನಾಕೈದು ದಿನ ಇಂಜೆಕ್ಷನ್ ತಗೊಂಡು, ಪ್ಲೇಟ್ಲೆಟ್ ಕೊಟ್ಟಂಗ ಮಷೀನಿಗೆ ಕೂತು ಕೊಡೂದು, ಬೆನ್ನು ಕೊರೆಯೂದು ಗಿರೆಯೂದು ಏನಿಲ್ಲ. ರಾಯಚೂರಿನ ರಿಮ್ಸ್ ಆಸ್ಪತ್ರ್ಯಾಗೋ ಬಳ್ಳಾರಿ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರ್ಯಾಗೋ (ಮೊದ್ಲು ವಿಮ್ಸ್ ಅಂತಿದ್ರಲ್ಲ, ಅದು) ತೋರ್ಸಿ ರೆಫರ್ ಲೆಟರ್, ಮ್ಯಾರೋ ರಿಪೋರ್ಟ್, ರೇಷನ್ ಕಾರ್ಡ್ ಹಿಡ್ಕೊಂಡು ಟ್ರಾನ್ಸ್‌ಪ್ಲಾಂಟ್ ಮಾಡೋ ಕಡೆ ಹೋಗ್ರಿ, ಹೋಗುವಾಗ ಕಾಕಾರ ಮಕ್ಕಳನ್ನೂ ಅಣ್ಣತಮ್ಮಂದಿರನ್ನೂ ಕರ್ಕೊಂಡು ಹೋದ್ರ ಎಚ್.ಎಲ್.ಎ. ಟೆಸ್ಟ್ ಅವತ್ತ ಆಗ್ತೈತಿ, ಎರಡ್ನೇ ಸಲದ ಬಸ್ ಚಾರ್ಜ್ ಉಳಿತೈತಿ.