ಹುಬ್ಬಳ್ಳಿಯಿಂದ ಲಕ್ಕುಂಡಿ: ಒಂದು ದಿನಕ್ಕೆ ಎಷ್ಟು ಗುಡಿ?

ಪ್ರಶ್ನೆ: ಡಿಸೆಂಬರ್‌ನಾಗ ಒಂದು ಭಾನುವಾರ ಅಣ್ಣಿಗೇರಿ, ಗದಗ, ಲಕ್ಕುಂಡಿ, ಡಂಬಳ, ಇಟಗಿ ಐದೂ ಊರಿನ ಗುಡಿ ನೋಡಿ ರಾತ್ರಿ ಹುಬ್ಬಳ್ಳಿಗೆ ಬರಬೇಕಂತ ಐತ್ರಿ. ಕಾರಿಲ್ಲ, ಬಸ್ಸಿನಾಗ ಹೋಗೋರು. ಸಂಗಡ 70 ವರ್ಷದ ಅವ್ವ, ಇಬ್ಬರು ಮಕ್ಕಳು. ಹೆಂಗ ಹೊಂದಿಸಬೇಕ್ರಿ?

ಉತ್ತರ: ಐದರಲ್ಲಿ ಮೂರನ್ನು ಬಿಟ್ಟುಬಿಡಿ. ಲಕ್ಕುಂಡಿ, ಡಂಬಳ ಎರಡೇ ಸಾಕು. ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿ.ಮೀ., ಗದಗದಿಂದ ಲಕ್ಕುಂಡಿ 12, ಗದಗದಿಂದ ಡಂಬಳ 20. ಸ್ಟ್ಯಾಂಡಿನಲ್ಲಿ ಕಾಯುವ ಹೊತ್ತು ಸೇರಿಸಿದರೆ ಇಷ್ಟಕ್ಕೇ ಸುಮಾರು ಆರು ತಾಸು ಹೋಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಆರಕ್ಕೆ ಹೊತ್ತು ಮುಳುಗುತ್ತದೆ. ಐದು ಊರು ಹಿಡಿದರೆ ಒಂದೊಂದು ಗುಡಿಗೆ ಇಪ್ಪತ್ತು ನಿಮಿಷವೂ ಉಳಿಯದು. ಮಕ್ಕಳಿಗೆ ನೆನಪಿರುವುದು ಬಸ್ಸಿನ ಕಿಟಕಿ ಮಾತ್ರ. ಇಟಗಿಯ ಮಹಾದೇವ ದೇವಾಲಯ 1112ರದ್ದು. ಅದಕ್ಕೆ ಕುಕನೂರಿನ ನವಲಿಂಗ ಗುಡಿಯನ್ನು ಜೋಡಿಸಿ ಬೇರೆಯೇ ಒಂದು ದಿನ ಇಟ್ಟುಕೊಳ್ಳಿ. ಅಣ್ಣಿಗೇರಿಯ ಅಮೃತೇಶ್ವರ ಹುಬ್ಬಳ್ಳಿಗೆ ಹತ್ತಿರ, ಅರ್ಧ ದಿನ ಸಾಕು.

ಮುಂಜಾನೆ ಆರೂವರೆಗೆ ಹುಬ್ಬಳ್ಳಿ ಬಿಡಿ. ಗದಗದವರೆಗೆ ರೈಲು ಹೊಂದಿದರೆ ರೈಲೇ ಮೇಲು, ಅವ್ವನವರಿಗೆ ಕಾಲು ಚಾಚಿ ಕೂರಲು ಆಗುತ್ತದೆ. ಗದಗದಿಂದ ಕೊಪ್ಪಳ, ಹೊಸಪೇಟೆ ಕಡೆಯ ಬಸ್ಸು ಹತ್ತುವ ಮುಂಚೆ ‘ಲಕ್ಕುಂಡಿಗೆ ನಿಲ್ಲಸ್ತೀರೇನ್ರಿ’ ಎಂದು ಕಂಡಕ್ಟರ್‌ಗೆ ಕೇಳಿ. ದೂರದ ಬಸ್ಸು ಎಲ್ಲವೂ ನಿಲ್ಲುವುದಿಲ್ಲ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಸಿಗುತ್ತದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. ಒಂಬತ್ತರೊಳಗೆ ಲಕ್ಕುಂಡಿ ಮುಟ್ಟಿದರೆ ಹನ್ನೆರಡೂವರೆವರೆಗೆ ನಿರಾಳವಾಗಿ ನೋಡಬಹುದು. ಊಟ ಮುಗಿಸಿ ಗದಗಕ್ಕೆ ಬಂದು, ಮುಂಡರಗಿ ಕಡೆ ಹೋಗುವ ಬಸ್ಸು ಡಂಬಳದ ಮೇಲೆ ಹೋಗುವುದೇ ಎಂದು ವಿಚಾರಿಸಿ ಹತ್ತಿ. ನಾಲ್ಕೂಮುಕ್ಕಾಲಿಗೆ ಡಂಬಳ ಬಿಟ್ಟರೆ ಏಳೂವರೆ ಎಂಟಕ್ಕೆ ಹುಬ್ಬಳ್ಳಿ.

ಯೋಜನೆ ಕೆಡುವುದು ಹೆಚ್ಚಾಗಿ ಮಧ್ಯಾಹ್ನದ ಈ ಬಸ್ಸಿನಲ್ಲೇ. ಮೂರು ಗಂಟೆಯೊಳಗೆ ಗದಗದಿಂದ ಹೊರಡಲು ಆಗದಿದ್ದರೆ ಡಂಬಳದ ಆಸೆ ಬಿಟ್ಟು ಊರೊಳಗಿನ ತ್ರಿಕೂಟೇಶ್ವರಕ್ಕೆ ನಡೆಯಿರಿ. ಅದೇ ಆವರಣದ ಸರಸ್ವತಿ ಗುಡಿಯ ಕಂಬಗಳ ಮುಂದೆ ಒಂದು ತಾಸು ಕಳೆದರೆ ದಿನ ವ್ಯರ್ಥವಾಗುವುದಿಲ್ಲ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಲಕ್ಕುಂಡಿಯಲ್ಲೇ ಆಟೋ ಮಾತಾಡಿ ಡಂಬಳಕ್ಕೆ ಹೋಗಬಹುದು. ಹೋಗಿ, ಅಲ್ಲಿ ಒಂದೂವರೆ ತಾಸು ನಿಂತು, ಗದಗ ಸ್ಟ್ಯಾಂಡಿಗೆ ಬಿಡುವುದು, ಮೂರೂ ಸೇರಿ ಒಂದೇ ಬಾಡಿಗೆ ಎಂದು ಹತ್ತುವ ಮುಂಚೆಯೇ ಗೊತ್ತು ಮಾಡಿಕೊಳ್ಳಿ.

ಲಕ್ಕುಂಡಿಯಲ್ಲಿ ಮೊದಲು ಕಾಶಿವಿಶ್ವನಾಥ. ಇಲ್ಲಿ ಶಿವನ ಗುಡಿ ಪೂರ್ವಕ್ಕೆ, ಅದರೆದುರಿನ ಸೂರ್ಯನ ಗುಡಿ ಪಶ್ಚಿಮಕ್ಕೆ ಮುಖ ಮಾಡಿವೆ. ಇದರ ಪೂರ್ವ ಮತ್ತು ದಕ್ಷಿಣದ ಬಾಗಿಲುವಾಡಗಳನ್ನು ನೋಡುವುದಕ್ಕೇ ಇಷ್ಟು ದೂರ ಬರಬಹುದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮುಂಜಾನೆಯ ಬಿಸಿಲು ದಕ್ಷಿಣದ ಗೋಡೆಯನ್ನು ಓರೆಯಾಗಿ ಸವರುವಾಗ ಬಳ್ಳಿಯ ಸುಳಿ, ಎಲೆಯ ಅಂಚು ಒಂದೊಂದೂ ನೆರಳು ಬಿಟ್ಟು ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಸೂರಿನ ನೆರಳು ಗೋಡೆಯ ಮೇಲ್ಭಾಗವನ್ನು ನುಂಗುತ್ತದೆ, ಕೆಳಗಿನದು ಚಪ್ಪಟೆಯಾಗಿ ಕಾಣುತ್ತದೆ. ಹನ್ನೊಂದರ ನಂತರ ಬಂದವರಿಗೆ ‘ಅಷ್ಟೇನಿಲ್ಲ’ ಎನಿಸುವುದಕ್ಕೆ ಇದೇ ಕಾರಣ.

ಹತ್ತಿರದಲ್ಲೇ ನನ್ನೇಶ್ವರ. ಅಲ್ಲಿಂದ ಬ್ರಹ್ಮ ಜಿನಾಲಯ, ಪಕ್ಕದ ವಸ್ತುಸಂಗ್ರಹಾಲಯ. ಈ ಬಸದಿಯನ್ನು 1007ರಲ್ಲಿ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ, ರನ್ನನಿಗೆ ಆಶ್ರಯ ಕೊಟ್ಟವಳು. ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿಯ ಮುಂದೆ ಮಕ್ಕಳನ್ನು ನಿಲ್ಲಿಸಿ ಅವಳ ಹೆಸರು ಹೇಳಿ. ಸಾವಿರ ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ್ದಳು ಎಂಬುದು ನಮ್ಮ ಭಾಗದ ಪ್ರತಿ ಮಗುವಿಗೂ ಗೊತ್ತಿರಬೇಕು. ಪುರಾತತ್ವ ಇಲಾಖೆಯ ಇಂಥ ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಭಾನುವಾರ ಆದ್ದರಿಂದ ನಿಮಗೆ ತೊಂದರೆಯಿಲ್ಲ.

ಕೊನೆಗೆ ಮಾಣಿಕೇಶ್ವರದ ಮುಸುಕಿನ ಬಾವಿ. ಅವ್ವನವರು ಮೇಲೆಯೇ ನಿಂತು ನೋಡಲಿ, ಮಕ್ಕಳ ಕೈ ಬಿಡಬೇಡಿ. ಮೆಟ್ಟಿಲು ಕಡಿದಾಗಿವೆ, ಪಾಚಿ ಇದ್ದರೆ ಜಾರುತ್ತವೆ.

ಬುತ್ತಿ ಮನೆಯಿಂದಲೇ ಒಯ್ಯಿರಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನೀರು ಒಬ್ಬರಿಗೆ ಎರಡು ಲೀಟರ್. ಶೌಚಾಲಯದ ಕೆಲಸ ಗದಗ ಸ್ಟ್ಯಾಂಡಿನಲ್ಲೇ ಮುಗಿಸಿಕೊಳ್ಳಿ. ಗುಡಿ ಗುಡಿಗೂ ಚಪ್ಪಲಿ ಬಿಡಬೇಕಾದ್ದರಿಂದ ಲೇಸಿನ ಬೂಟು ಬೇಡ. ಹಾಸುಗಲ್ಲು ಕಾಯುವ ಹೊತ್ತಿಗೆ ಒಂದು ಜೊತೆ ದಪ್ಪ ಕಾಲುಚೀಲ ಬಹಳ ಉಪಯೋಗ. ಮಳೆಗಾಲಕ್ಕೆ ಮುಂದೂಡುವುದಾದರೆ ಒಂದು ಮಾತು: ಇದೆಲ್ಲ ಎರೆಭೂಮಿ. ಡಾಂಬರು ಬಿಟ್ಟು ಎರಡು ಹೆಜ್ಜೆ ಇಟ್ಟರೆ ಚಪ್ಪಲಿಗೆ ಸೇರು ಮಣ್ಣು ಮೆತ್ತುತ್ತದೆ, ಅದೇ ಕಾಲಲ್ಲಿ ಮೆಟ್ಟಿಲು ಹತ್ತಿದರೆ ಬೀಳುವುದು ಖಂಡಿತ.

ಪ್ರಶ್ನೆ: ಎಷ್ಟು ಗುಡಿ ನೋಡಿದರೂ ಎಲ್ಲ ಒಂದೇ ಥರ ಅನಿಸುತ್ತವೆ. ಏನನ್ನು ಗಮನಿಸಬೇಕು?

ಉತ್ತರ: ಒಳಗೆ ಹೋಗುವ ಮುಂಚೆ ಹೊರಗೆ ಒಂದು ಸುತ್ತು ಬನ್ನಿ, ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿ: ಅಧಿಷ್ಠಾನ ಅಂದರೆ ಕೆಳಗಿನ ಪೀಠ, ಭಿತ್ತಿ ಅಂದರೆ ಗೋಡೆ, ಮೇಲೆ ಶಿಖರ. ಲಕ್ಕುಂಡಿಯ ಕಾಶಿವಿಶ್ವನಾಥದ ಭಿತ್ತಿಯ ಮೇಲೆ ಪುಟ್ಟ ಪುಟ್ಟ ಶಿಖರಗಳನ್ನು ಕೆತ್ತಿದ್ದಾರೆ. ಅವುಗಳಲ್ಲಿ ಉತ್ತರ ಭಾರತದ ನಾಗರ ಮಾದರಿಯವೂ ಇವೆ. ಇಲ್ಲಿನ ಶಿಲ್ಪಿಗಳಿಗೆ ದೂರದ ಕಟ್ಟಡ ಪದ್ಧತಿಯೂ ಗೊತ್ತಿತ್ತು ಎಂಬುದಕ್ಕೆ ಆ ಗೋಡೆಯೇ ಸಾಕ್ಷಿ.

ಒಳಗೆ ಒಂದೇ ಒಂದು ಕಂಬ ಆರಿಸಿಕೊಂಡು ಐದು ನಿಮಿಷ ನಿಲ್ಲಿ. ಬುಡ ಚೌಕ, ಮೇಲೆ ದುಂಡು, ಅದರ ಮೇಲೆ ಗಂಟೆಯಂಥ ಉಬ್ಬು, ಸುತ್ತ ಚಾಕುವಿನ ಅಲಗಿನಷ್ಟು ಚೂಪಾದ ಬಳೆಗಳು. ಕಲ್ಲನ್ನು ತಿರುಗಿಸುತ್ತ ಉಳಿ ಹಿಡಿದು ಕಡೆದದ್ದರಿಂದ ಬಳೆಗಳು ಇಷ್ಟು ಸಮವಾಗಿ ಬಂದಿವೆ. ತಿರುಗಣಿ ಕಂಬ ಎನ್ನುವುದು ಅದಕ್ಕೇ. ಬಾದಾಮಿ, ಐಹೊಳೆಯ ಮರಳುಗಲ್ಲಿನಲ್ಲಿ ಇಷ್ಟು ನಯ ಬರುವುದು ಕಷ್ಟ, ಅದರ ಕಣ ಉದುರುತ್ತದೆ. ಕಲ್ಯಾಣದ ಚಾಳುಕ್ಯರ ಕಾಲಕ್ಕೆ ಈ ಭಾಗದಲ್ಲಿ ಬಳಪದ ಕಲ್ಲು ಬಳಕೆಗೆ ಬಂತು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಹಾಗೆಂದು ಉಂಗುರದ ಕೈಯಲ್ಲಿ ಸವರಬೇಡಿ, ನಾಣ್ಯದಿಂದ ಬಡಿದು ನಾದ ಕೇಳಬೇಡಿ. ಇದಕ್ಕೆ ಗೆರೆ ಬೀಳುವುದು ಬೇಗ.

ಡಂಬಳದ ದೊಡ್ಡಬಸಪ್ಪ ಗುಡಿಗೆ ಹೋದಾಗ ಮಕ್ಕಳ ಕೈಗೆ ಪೆನ್ಸಿಲ್ಲು, ಹಾಳೆ, ಕೋನಮಾಪಕ ಕೊಡಿ. ಅದರ ಗರ್ಭಗುಡಿಯ ಹೊರಗೋಡೆ 24 ಮೂಲೆಯ ನಕ್ಷತ್ರ. ಒಂದು ಚೌಕ ಬರೆದು, ಅದೇ ನಡುಬಿಂದು ಹಿಡಿದು 15 ಡಿಗ್ರಿ ತಿರುಗಿಸಿ ಇನ್ನೊಂದು ಚೌಕ, ಹೀಗೆ ಆರು ಚೌಕ ಬರೆಯಲಿ. ಆರು ನಾಲ್ಕಲೇ ಇಪ್ಪತ್ತನಾಲ್ಕು, ಮೂಲೆ ಮೂಲೆಯೂ 90 ಡಿಗ್ರಿ. ಹಾಳೆ ಹಿಡಿದು ಗೋಡೆಯ ಸುತ್ತ ನಡೆದು ಮೂಲೆ ಎಣಿಸಲಿ. ಮುಂದಿನ ಮಂಟಪ ಅಂಟಿಕೊಂಡ ಕಡೆ ಕೆಲವು ಮೂಲೆ ಒಳಗೆ ಮುಚ್ಚಿಹೋಗಿವೆ. ಎಣಿಕೆ ಕಡಿಮೆ ಬಂದರೆ ಅದು ಮಕ್ಕಳ ತಪ್ಪಲ್ಲ. ಈ ನಕ್ಷತ್ರವನ್ನೇ ಏಳು ಅಂತಸ್ತಿನ ಶಿಖರದುದ್ದಕ್ಕೂ ಕುಗ್ಗಿಸುತ್ತ ಒಯ್ದಿದ್ದಾರೆ. ಮೂರರ ನಂತರದ ಬಿಸಿಲಿಗೆ ಒಂದು ಮುಖ ಬೆಳಕು, ಒಂದು ಮುಖ ನೆರಳಾಗಿ ಮೂಲೆಗಳು ಸ್ಪಷ್ಟವಾಗುತ್ತವೆ. ಡಂಬಳವನ್ನು ಮಧ್ಯಾಹ್ನದ ಪಾಲಿಗೆ ಇಟ್ಟದ್ದು ಅದಕ್ಕಾಗಿಯೇ.

ಪ್ರಶ್ನೆ: ಶಾಸನದ ಫೋಟೋ ತೆಗೆದರೆ ಅಕ್ಷರವೇ ಕಾಣುವುದಿಲ್ಲ. ಸುಣ್ಣದ ಪುಡಿ ಅಥವಾ ಸೀಮೆಸುಣ್ಣ ಹಚ್ಚಬಹುದೇ?

ಉತ್ತರ: ಖಂಡಿತ ಬೇಡ. ಪುಡಿ ಅಕ್ಷರದ ಸಂದಿಯಲ್ಲಿ ಕೂತರೆ ಮಳೆಗೂ ಪೂರ್ತಿ ಹೋಗುವುದಿಲ್ಲ. ತೆಗೆಯಲೆಂದು ತಿಕ್ಕಿದರೆ ಸವೆದ ಅಂಚು ಇನ್ನಷ್ಟು ಸವೆಯುತ್ತದೆ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಬೇಕಾದ್ದು ಓರೆ ಬೆಳಕು. ಒಬ್ಬರು ಛತ್ರಿ ಹಿಡಿದು ಕಲ್ಲಿಗೆ ನೆರಳು ಮಾಡಲಿ. ಇನ್ನೊಬ್ಬರು ಮೊಬೈಲ್ ಟಾರ್ಚನ್ನು ಕಲ್ಲಿನ ಎಡ ಅಂಚಿನ ಪಕ್ಕ, ಮೈಗೆ ತಾಗದಂತೆ, ಬೆಳಕು ಕಲ್ಲಿನ ಮೇಲೆಯೇ ಹರಿದು ಹೋಗುವಂತೆ ಹಿಡಿಯಲಿ. ನೀವು ನೇರ ಎದುರಿಗೆ ನಿಂತು, ಫ್ಲ್ಯಾಶ್ ಆರಿಸಿ ಫೋಟೋ ತೆಗೆಯಿರಿ. ಆಮೇಲೆ ಬಲಗಡೆಯಿಂದ, ಮೇಲಿನಿಂದ, ಕೆಳಗಿನಿಂದ ಬೆಳಕು ಬಿಟ್ಟು ಇನ್ನೂ ಮೂರು. ಒಂದೇ ಫೋಟೋ ಸಾಲದು, ಏಕೆಂದರೆ ಬೆಳಕಿನ ದಿಕ್ಕಿಗೇ ಸಾಗುವ ಗೆರೆಗೆ ನೆರಳು ಬೀಳದೆ ಅದು ಮಾಯವಾಗುತ್ತದೆ. ಮೊದಲು ಇಡೀ ಕಲ್ಲು, ನಂತರ ನಾಲ್ಕೈದು ಸಾಲಿನಂತೆ ಹತ್ತಿರದಿಂದ. ಮೊಬೈಲ್ ಕ್ಯಾಮೆರಾಕ್ಕೆ ಅಡ್ಡಿಯಿಲ್ಲ. ಟ್ರೈಪಾಡ್, ಡ್ರೋನ್‌ಗೆ ಇಲಾಖೆಯ ಅನುಮತಿ ಬೇಕು. ಓದುವ ಹಟವಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಗೆ ಹೋಗಿ, ಅಚ್ಚಾದ ಶಾಸನ ಸಂಪುಟಗಳ ಪಾಠದೊಡನೆ ನಿಮ್ಮ ಫೋಟೋ ಹೋಲಿಸಿ.

ಪ್ರಶ್ನೆ: ಲಿಂಗಕ್ಕೆ ಎಣ್ಣೆ ಹಾಕಿ ದೀಪ ಹಚ್ಚಬೇಕೆಂದು ಅತ್ತೆಯವರ ಹರಕೆ ಇದೆ. ಮಾಡಬಹುದೇ?

ಉತ್ತರ: ನಿತ್ಯಪೂಜೆ ಇರುವ ಗುಡಿಯಲ್ಲಿ ಅರ್ಚಕರ ಕೈಗೆ ಕೊಟ್ಟು ಹರಕೆ ತೀರಿಸಿ, ಗದಗದ ತ್ರಿಕೂಟೇಶ್ವರ, ಅಣ್ಣಿಗೇರಿಯ ಅಮೃತೇಶ್ವರ ಇದ್ದೇ ಇವೆ. ಪೂಜೆಯಿಲ್ಲದ ಸ್ಮಾರಕದಲ್ಲಿ ಬೇಡ. ಎಣ್ಣೆಗೆ ಧೂಳು, ದೀಪದ ಮಸಿ ಹತ್ತಿ ಕಪ್ಪು ಜಿಡ್ಡು ಕಟ್ಟುತ್ತದೆ, ಅದನ್ನು ಬಿಡಿಸುವಾಗ ಕೆತ್ತನೆಯೂ ಸವೆಯುತ್ತದೆ. ಅತ್ತೆಯವರಿಗೆ ಕಾರಣ ಬಿಡಿಸಿ ಹೇಳಿ, ಗುಡಿಯ ಮೇಲೆ ಅಕ್ಕರೆ ಇದ್ದವರು ಒಪ್ಪುತ್ತಾರೆ.

ಪ್ರಶ್ನೆ: ಹಾವೇರಿಯಲ್ಲಿದ್ದೇವೆ. ಅರ್ಧ ದಿನ ಮಾತ್ರ ಬಿಡುವು. ಎಲ್ಲಿಗೆ?

ಉತ್ತರ: ಊರಲ್ಲೇ ಇರುವ ಸಿದ್ಧೇಶ್ವರಕ್ಕೆ. ಅದರ ಬಾಗಿಲು ಪಶ್ಚಿಮಕ್ಕಿದೆ, ಹಾಗಾಗಿ ಮುಂಜಾನೆಯ ಬದಲು ಮೂರೂವರೆಯ ನಂತರ ಹೋಗಿ. ಮುಂಭಾಗಕ್ಕೆ ಬಿಸಿಲು ಬೀಳುವುದು ಆಗಲೇ. ಇಡೀ ಮಧ್ಯಾಹ್ನ ಖಾಲಿ ಇದ್ದರೆ ಮೊದಲು ಬಂಕಾಪುರದ ಕೋಟೆಯೊಳಗಿನ ನಗರೇಶ್ವರ, ಜನ ಅರವತ್ತು ಕಂಬದ ಗುಡಿ ಎನ್ನುವುದು ಅದನ್ನೇ, ನೋಡಿಕೊಂಡು ಹಾವೇರಿಗೆ ಬನ್ನಿ. ಆ ಕೋಟೆ ನವಿಲುಧಾಮವೂ ಹೌದು; ಮಕ್ಕಳು ಗದ್ದಲ ಮಾಡದಿದ್ದರೆ ನವಿಲೂ ಕಂಡಾವು.